ಲಾ ಓದಿದೋರಿಗೆ ಎಕನಾಮಿಕ್ಸ್ ಭಯ ಬೇಡ ತಮ್ಮಾ

ಹುಬ್ಬಳ್ಳೀಲಿ ಎಲ್‌ಎಲ್‌ಬಿ ಮುಗೀತು, ಲಂಡನ್‌ಗೆ ಬಂದು ಕಾಂಪಿಟಿಷನ್ ಲಾ, ಅಂದ್ರೆ ದೊಡ್ಡ ಕಂಪನಿಗಳು ಪೈಪೋಟಿ ಕೆಡಿಸದಂತೆ ತಡೆಯೋ ಕಾನೂನು, ಓದ್ಬೇಕು ಅಂತಿದೀನಿ, ಆದ್ರೆ ಸಿಲಬಸ್‌ನಲ್ಲಿ ಅರ್ಧ ಎಕನಾಮಿಕ್ಸೇ ಇದೆ, ಗಣಿತ ಬಿಟ್ಟು ವರ್ಷಗಳಾಯ್ತು, ಅಲ್ಲಿ ಜೀವನ ಹೆಂಗಕ್ಕಾ ಅಂತ ಕೇಳಿದ್ಯಲ್ಲ ತಮ್ಮಾ. ನಾನು ತುಮಕೂರಿಂದ ಇಲ್ಲಿಗೆ ಬಂದು 13 ವರ್ಷ ಆಯ್ತು, ನಂಗೂ ಆಗ ಇದೇ ಭಯ ಇತ್ತು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಬಂದ ಹೊಸದ್ರಲ್ಲೇ ನಿಂಗೆ ಬಾಳೆಹಣ್ಣಿನ ಕೇಸು ಸಿಗುತ್ತೆ. ಯುನೈಟೆಡ್ ಬ್ರಾಂಡ್ಸ್, 1978, ಯುರೋಪಿಯನ್ ಕೋರ್ಟ್ ಆಫ್ ಜಸ್ಟಿಸ್. ಚಿಕಿಟಾ ಬಾಳೆಹಣ್ಣಿನ ಕಂಪನಿಯವರು ನಮ್ಮ ಮಾರ್ಕೆಟ್ ಅಂದ್ರೆ ಎಲ್ಲಾ ತಾಜಾ ಹಣ್ಣೂ ಸೇರಿ ಅಂತ ವಾದ ಮಾಡಿದ್ರು, ಮಾರ್ಕೆಟ್ ದೊಡ್ಡದಾದಷ್ಟೂ ಅದರಲ್ಲಿ ಅವರ ಪಾಲು ಚಿಕ್ಕದಾಗಿ ಕಾಣುತ್ತಲ್ಲ. ಕೋರ್ಟ್ ಒಪ್ಲಿಲ್ಲ, ಬಾಳೆಹಣ್ಣು ಮೆತ್ತಗಿರುತ್ತೆ, ಬೀಜ ಇರಲ್ಲ, ಚಿಕ್ಕ ಮಕ್ಕಳು, ವಯಸ್ಸಾದೋರು, ಕಾಯಿಲೆಯೋರಿಗೆ ಅದೇ ಬೇಕು, ಹಂಗಾಗಿ ಅದರದ್ದೇ ಬೇರೆ ಮಾರ್ಕೆಟ್ ಅಂತು. ಓದಿದ ತಕ್ಷಣ ನಂಗೆ ಸರಿ ಅನ್ನಿಸ್ತು, ಯಾಕಂದ್ರೆ ನಮ್ಮಜ್ಜಿಗೆ ಹಲ್ಲಿರ್ಲಿಲ್ಲ, ದಿನಾ ರಾತ್ರಿ ಬಾಳೆಹಣ್ಣು ಹಾಲಲ್ಲಿ ಕಿವುಚ್ಕೊಂಡು ತಿಂತಿದ್ರು, ಅವರಿಗೆ ಸೇಬು ಕೊಟ್ರೆ ಏನು ಮಾಡ್ತಾರೆ ಹೇಳು. ಕ್ಲಾಸಲ್ಲಿ ಹಂಗೇ ಹೇಳ್ದೆ. ಮೇಷ್ಟ್ರು ಕೇಳಿದ್ದು ಒಂದೇ ಮಾತು, ಅಂಗಡಿಯವನು ನಿಮ್ಮಜ್ಜಿಗೊಂದು ರೇಟು ನಿನಗೊಂದು ರೇಟು ಹಾಕಕ್ಕಾಗುತ್ತಾ?

ಆಗಲ್ಲ. ರೇಟು ಏರಿಸಿದ್ರೂ ಅಜ್ಜಿ ತಗೊಂಡೇ ತಗೋತಾರೆ, ಆದ್ರೆ ನಾನು, ನಮ್ಮಪ್ಪ, ಪಕ್ಕದ್ಮನೆಯೋರು ಎಲ್ಲಾ ಪಪ್ಪಾಯಿಗೆ ತಿರುಗಿಕೊಂಡ್ರೆ ಅವನಿಗೆ ಹೊಡೆತ ಬೀಳುತ್ತೆ, ಏರಿಸಿದ್ದನ್ನ ಇಳಿಸ್ಲೇಬೇಕು, ಆ ಇಳಿದ ರೇಟೇ ಅಜ್ಜಿಗೂ ಸಿಗುತ್ತೆ. ಕೋರ್ಟು ಬೇಸಿಗೆ ಹಣ್ಣುಗಳಿಂದ ಬಾಳೆಹಣ್ಣಿನ ರೇಟು ಇಳಿಯುತ್ತಾ ಅಂತಾನೂ ನೋಡಿತ್ತು, ಆದ್ರೂ ಅಜ್ಜಿ ಕಡೆ ವಾದಕ್ಕೆ ಜಾಸ್ತಿ ಬೆಲೆ ಕೊಟ್ರು ಅಂತ ಎಕನಾಮಿಸ್ಟ್‌ಗಳ ತಕರಾರು, ಅದಕ್ಕೆ ಹಲ್ಲಿಲ್ಲದೋರ ತಪ್ಪು ಅನ್ನೋ ಅರ್ಥದ ಹೆಸರೇ ಇಟ್ಟಿದಾರೆ. ಒಬ್ಬನೇ ಮಾರೋನಿದ್ರೆ ರೇಟು ಸ್ವಲ್ಪ, ಈಗ ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್, ಏರಿಸಿ ಲಾಭ ಉಳಿಸ್ಕೊಳಕ್ಕಾಗುತ್ತಾ ಅನ್ನೋ ಟೆಸ್ಟು ಅಮೆರಿಕದ 1982ರ ಮರ್ಜರ್ ಗೈಡ್‌ಲೈನ್ಸ್‌ನಿಂದ (ಕಂಪನಿಗಳು ಒಂದಾಗೋದನ್ನ ಪರೀಕ್ಷೆ ಮಾಡೋ ಸೂಚನೆಗಳು) ಬಂದಿದ್ದು, ಅದರ ತಿರುಳೂ ಇದೇ. ಲಾಯರ್‌ಗೆ ಬೇಕಾದ ಗಣಿತ ಮುಖ್ಯವಾಗಿ ಪರ್ಸೆಂಟೇಜು, ಸರಾಸರಿ, ಗ್ರಾಫ್ ಓದೋದು. ರಿಗ್ರೆಷನ್ ಥರದ ದೊಡ್ಡ ಅಂಕಿಅಂಶದ ಲೆಕ್ಕ ಮಾಡಕ್ಕೆ ಎಕನಾಮಿಸ್ಟ್‌ಗಳಿರ್ತಾರೆ, ನೀನು ಕಲೀಬೇಕಾಗಿರೋದು ಅವರು ಯಾವ ಡೇಟಾ ತಗೊಂಡ್ರು, ಯಾವುದನ್ನ ಬಿಟ್ರು, ಯಾಕೆ ಬಿಟ್ರು ಅಂತ ಕೇಳೋದು, ಈ ಕೇಳೋ ಕೆಲಸಾನೇ ನಾನು ಆಫೀಸಲ್ಲಿ ದಿನಾ ಮಾಡ್ತಿರೋದು.

2019ರ ಏಪ್ರಿಲ್‌ನಲ್ಲಿ ಸೇನ್ಸ್‌ಬರೀಸ್, ಆಸ್ಡಾ ಅನ್ನೋ ಎರಡು ಸೂಪರ್‌ಮಾರ್ಕೆಟ್ ಕಂಪನಿ ಒಂದಾಗೋದನ್ನ ಇಲ್ಲಿನ ಸಿಎಂಎ ತಡೀತು, ಅದು ಪೈಪೋಟಿ ಕಾಯೋ ಸರ್ಕಾರಿ ಸಂಸ್ಥೆ, ನಮ್ಮ ಸಿಸಿಐ (ಕಾಂಪಿಟಿಷನ್ ಕಮಿಷನ್ ಆಫ್ ಇಂಡಿಯಾ) ಇದ್ದಂಗೆ. ಗಿರಾಕಿಗಳನ್ನ ಈ ಅಂಗಡಿ ಇಲ್ದಿದ್ರೆ ಎಲ್ಲಿಗೆ ಹೋಗ್ತಿದ್ರಿ ಅಂತ ಸರ್ವೇ ಮಾಡಿ, ಒಂದೊಂದು ಏರಿಯಾ ಲೆಕ್ಕಾನೂ ಹಾಕಿದ್ರು. ಆ ರಿಪೋರ್ಟ್ ಓದೋವಾಗ ನಂಗೆ ಸ್ಟೂಡೆಂಟ್ ಆಗಿದ್ದಾಗಿನ ಶನಿವಾರಗಳೇ ನೆನಪಾಗಿದ್ದು, ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ನಾಲ್ಕು ಜನ ಒಂದು ಮನೇಲಿದ್ವಿ, ಹಾಲು ಎಲ್ಲಿ ಹತ್ತು ಪೆನ್ಸ್ ಕಮ್ಮಿ ಅಂತ ಮಳೇಲಿ ಅಂಗಡಿಯಿಂದ ಅಂಗಡಿಗೆ ನಡೀತಿದ್ವಿ.

ಜೀವನದ ಬಗ್ಗೆ ಹೇಳೋದಾದ್ರೆ ಡಿಸೆಂಬರ್ ಕಷ್ಟ, ನಾಲ್ಕು ಗಂಟೆಗೇ ಕತ್ತಲು, ಮನೆಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ಎಲ್ಲಾ ಮಲಗೋ ಹೊತ್ತು. ಅಂಥ ದಿನ ರೂಮಲ್ಲಿ ಕೂರ್ಬೇಡ, ಇಂಥ ಕೇಸುಗಳನ್ನ ಕೇಳೋ ಕಾಂಪಿಟಿಷನ್ ಅಪೀಲ್ ಟ್ರಿಬ್ಯೂನಲ್‌ಗೆ ಹೋಗಿ ಹಿಂದಿನ ಸಾಲಲ್ಲಿ ಕೂತ್ಕೋ, ದುಡ್ಡು ಕೊಡ್ಬೇಕಿಲ್ಲ. ಕೆಲವು ಕೇಸಲ್ಲಿ ಎರಡೂ ಕಡೆ ಎಕನಾಮಿಸ್ಟ್‌ಗಳನ್ನ ಒಟ್ಟಿಗೆ ಕೂರ್ಸಿ ಪ್ರಶ್ನೆ ಕೇಳ್ತಾರೆ, ಅದನ್ನ ಒಂದು ಸಲ ನೋಡಿದ್ಮೇಲೇ ನನ್ನ ಭಯ ಹೋಗಿದ್ದು.

ಸಾಲ ಮಾಡಿ ಬರೋ ಮುಂಚೆ ಒಂದು ಕೆಲಸ ಮಾಡು. ಭಾರೀ ಡಿಸ್ಕೌಂಟ್ ವಗೈರೆ ದೂರಿನ ಮೇಲೆ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆ ಮಾಡಿ ಅಂತ ಸಿಸಿಐ 2020ರ ಜನವರೀಲಿ ಆರ್ಡರ್ ಮಾಡ್ತು, ಅದು ನಮ್ಮ ಹೈಕೋರ್ಟ್‌ಗೆ ಬಂದು 2021ರ ಜುಲೈನಲ್ಲಿ ಡಿವಿಜನ್ ಬೆಂಚ್ ಕಂಪನಿಗಳ ಅಪೀಲು ವಜಾ ಮಾಡ್ತು. ಆ ಸಿಸಿಐ ಆರ್ಡರ್ ಇಳಿಸ್ಕೊಂಡು ಓದು, ಡಿಸ್ಕೌಂಟಿಂದ ಯಾರಿಗೆ ಪೆಟ್ಟು, ಗಿರಾಕಿ ಎಲ್ಲಿಗೆ ತಿರುಗ್ತಾನೆ ಅಂತ ನೀನೇ ಒಂದು ಪುಟ ಬರೆದು ನಂಗೆ ಕಳ್ಸು. ಶನಿವಾರ ಕೂತು ನೋಡ್ತೀನಿ.