ರಾತ್ರಿ ಕಂಬಳದ ಫೋಟೊಗಳಲ್ಲಿ ಕಪ್ಪು ಪಟ್ಟೆ, ಮುಖ ಮಸುಕು
ರಾತ್ರಿ ಕಂಬಳದ ಫೋಟೊಗಳಲ್ಲಿ ಕಪ್ಪು ಅಡ್ಡಪಟ್ಟೆ ಬರುತ್ತದೆ, ಓಟಗಾರನ ಮುಖವೂ ಮಸುಕಾಗುತ್ತದೆ, ಏಕೆ ಎಂದು ಕೇಳಿದ್ದೀರಿ. ಪಟ್ಟೆ ಲೆನ್ಸಿನ ದೋಷವಲ್ಲ, ಬಹುಶಃ ಸೈಲೆಂಟ್ ಶಟರ್, ಅಂದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್, ಆನ್ ಇದೆ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಕರೆಯ (ಕೋಣಗಳು ಓಡುವ ಕೆಸರಿನ ಓಟದ ಹಾದಿಯ) ಮೇಲಿನ ಲೈಟುಗಳಲ್ಲಿ ಎಷ್ಟೋ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವಾಗ ಅದೇ ಪಟ್ಟೆಯಾಗಿ ಕಾಣುತ್ತದೆ.

ಮೊದಲು ಮೆಕ್ಯಾನಿಕಲ್ ಶಟರಿಗೆ ಬದಲಾಯಿಸಿ. ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ (ಲೈಟಿನ ಮಿನುಗು ತಪ್ಪಿಸುವ ಆಯ್ಕೆ) ಇದ್ದರೆ ಅದನ್ನೂ ಆನ್ ಮಾಡಿ. ಆಮೇಲೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ಶಟರ್ 1/800 ಸೆಕೆಂಡಿಗೆ ಇಡಿ. ಐಎಸ್‌ಒ (ಬೆಳಕಿನ ಸಂವೇದನೆ) 6400 ದಾಟಿದರೂ ಹೆದರಬೇಡಿ, ನಾಯ್ಸ್ (ಚಿತ್ರದ ಕಾಳುಕಾಳು) ಆಮೇಲೆ ಕಡಿಮೆ ಮಾಡಬಹುದು. ಪಟ್ಟೆ ಆಗಲೂ ಹೋಗದಿದ್ದರೆ ಶಟರನ್ನು ಮಿನುಗಿನ ಲಯಕ್ಕೆ ಹೊಂದುವ 1/100ಕ್ಕೆ ಇಳಿಸಿ, ಬದಿಯಲ್ಲಿ ನಿಂತು ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯಿರಿ.

ಓಟಗಾರನ ಮುಖ ಮಸುಕಾಗುವುದು ಬೇರೆ ಸಮಸ್ಯೆ. ಫೋಕಸ್ ಕೋಣದ ತಲೆಗೋ ಚಿಮ್ಮುವ ನೀರಿಗೋ ಹೋಗುತ್ತಿರಬೇಕು, ಫೋಟೊ ನೋಡದೆ ಯಾವುದೆಂದು ಹೇಳಲಾರೆ. ಎರಡಕ್ಕೂ ಮದ್ದು ಒಂದೇ: ಕಂಟಿನ್ಯುಅಸ್ ಫೋಕಸ್ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್), ಸಣ್ಣ ಫೋಕಸ್ ಪಾಯಿಂಟ್, ಅದು ಓಟಗಾರನ ಎದೆಯ ಮೇಲೆ. ವೇಗದ ಓಟವೇ ಮುಖ್ಯವಾದ ಹಗ್ಗ, ನೇಗಿಲು ವಿಭಾಗಗಳಿಗೆ ಇದು ಸಾಕು. ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ ವಿಭಾಗದಲ್ಲಿ ಮಾತ್ರ ನೀರೇ ನಾಯಕ, ನಿಶಾನೆಯ (ನೀರಿನ ಎತ್ತರ ನೋಡಲು ಮೇಲೆ ಕಟ್ಟಿದ ಬಟ್ಟೆಯ) ಕೆಳಗೆ ಮೊದಲೇ ಫೋಕಸ್ ಲಾಕ್ ಮಾಡಿ ಕಾಯಿರಿ.

ಓಟ ಮುಗಿಯುವ ಜಾಗವಾದ ಮಂಜೊಟ್ಟಿಯಲ್ಲಿ ನೇರ ಎದುರು ಮಾತ್ರ ನಿಲ್ಲಬೇಡಿ. ಗೆರೆ ದಾಟಿದ ಕೂಡಲೇ ಕೋಣಗಳು ನಿಲ್ಲುವುದಿಲ್ಲ.