ಮಗಳ ಪಿಟೀಲು ಎಲ್ಲಿಂದ ತರೋದು?

ಅಮೆರಿಕಕ್ಕೆ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ, ಅಷ್ಟರಲ್ಲೇ ಶಾಲೆಯಿಂದ ಮಗಳಿಗೆ ಪಿಟೀಲು ಬೇಕು ಅಂತ ಚೀಟಿ ಬಂತು ಅಂತ ಬರೆದಿದ್ದೀರಿ. ದೊಡ್ಡ ಚೈನ್ ಸ್ಟೋರಿಗೆ ಹೋಗಲಾ, ಸಣ್ಣ ಅಂಗಡಿಗಾ, ಸಣ್ಣದು ನಾಳೆ ಮುಚ್ಚಿಹೋದರೆ ಏನು ಗತಿ ಅನ್ನೋದು ನಿಮ್ಮ ಪ್ರಶ್ನೆ.

ಕೊಳ್ಳಲೇಬೇಡಿ. ಬಾಡಿಗೆಗೆ ತನ್ನಿ, ಸಣ್ಣ ಅಂಗಡಿಯಿಂದಲೇ ತನ್ನಿ. ಮಕ್ಕಳ ಪಿಟೀಲು ಕಾಲು, ಅರ್ಧ, ಮುಕ್ಕಾಲು ಅಂತ ಅಳತೆಗಳಲ್ಲಿ ಬರುತ್ತದೆ. ಮಗಳು ಬೆಳೆದ ಹಾಗೆ ಅಂಗಡಿಯವರೇ ಬದಲಾಯಿಸಿ ಕೊಡುತ್ತಾರೆ. ಎಷ್ಟೋ ಕಡೆ, ಕಟ್ಟಿದ ಬಾಡಿಗೆಯಲ್ಲಿ ಒಂದು ಭಾಗವನ್ನು ಮುಂದೆ ಕೊಳ್ಳುವಾಗ ಮುರಿದುಕೊಳ್ಳುತ್ತಾರೆ.

ಆ ಅಂಗಡಿ ಉಸಿರಾಡುವುದೇ ಈ ಬಾಡಿಗೆಯಿಂದ. ಹೊಸ ಗಿಟಾರ್ ಮಾರಿ ಅವರಿಗೆ ಜಾಸ್ತಿ ಗಿಟ್ಟುವುದಿಲ್ಲ. ಇದಕ್ಕಿಂತ ಕಡಿಮೆ ಬೆಲೆ ಜಾಹೀರಾತಿನಲ್ಲಿ ಹಾಕಬಾರದು ಅಂತ ಅನೇಕ ತಯಾರಕರು ಅಂಗಡಿಗಳಿಗೆ ಕಟ್ಟು ಹಾಕಿರುತ್ತಾರೆ. ಹಾಗಾಗಿ ನಮ್ಮ ಕಣ್ಣಿಗೆ ಬೆಲೆ ಎಲ್ಲ ಕಡೆ ಒಂದೇ. ಆದರೆ ರಾಶಿಗಟ್ಟಲೆ ಕೊಳ್ಳುವ ಚೈನಿಗೆ ಸಿಗುವ ದರವೇ ಬೇರೆ. ಇಷ್ಟು ಮಾಲು ಎತ್ತಲೇಬೇಕು ಅನ್ನುವ ಷರತ್ತೂ ಇರುತ್ತದೆ, ಸಣ್ಣವರಿಗೆ ಅದು ಆಗದ ಮಾತು. ಅದಕ್ಕೇ ಅವರು ರಿಪೇರಿ, ಹಳೆಯ ವಾದ್ಯ, ಹಿಂದಿನ ಕೋಣೆಯ ಪಾಠ ನೆಚ್ಚಿಕೊಂಡಿದ್ದಾರೆ. ವಾರವಾರ ಪಾಠಕ್ಕೆ ಬರುವ ಮಗು ತಂತಿ, ಊದುವ ವಾದ್ಯದ ರೀಡ್ ಎಲ್ಲ ಅಲ್ಲೇ ತಗೊಳ್ಳುತ್ತದೆ, ಅಲ್ವಾ? ಚೈನಿನವರಿಗೂ ಈ ಗುಟ್ಟು ಗೊತ್ತು. ಶಾಲಾ ಮಕ್ಕಳಿಗೆ ವಾದ್ಯ ಬಾಡಿಗೆ ಕೊಡುವ ಮ್ಯೂಸಿಕ್ ಅಂಡ್ ಆರ್ಟ್ಸ್ ಕಂಪನಿಯನ್ನು ಗಿಟಾರ್ ಸೆಂಟರ್ ಅನ್ನುವ ದೊಡ್ಡ ವಾದ್ಯದಂಗಡಿ ಚೈನ್ 2005ರಲ್ಲೇ ಕೊಂಡುಕೊಂಡಿತು.

ದೊಡ್ಡದು ಅಂದರೆ ಗಟ್ಟಿ ಅಂತ ಸುಮ್ನೆ ನಂಬಬೇಡಿ. ಅದೇ ಗಿಟಾರ್ ಸೆಂಟರ್ 2020ರಲ್ಲಿ ಸಾಲ ತೀರಿಸಲಾಗದೆ ದಿವಾಳಿ ಅರ್ಜಿ ಹಾಕಿ, ಆಮೇಲೆ ಚೇತರಿಸಿಕೊಂಡಿತು. 1924ರಲ್ಲಿ ಶುರುವಾದ ಸ್ಯಾಮ್ ಆಶ್ ಅನ್ನುವ ಇನ್ನೊಂದು ವಾದ್ಯದಂಗಡಿ ಚೈನ್ 2024ರಲ್ಲಿ ತನ್ನ ಎಲ್ಲ ಮಳಿಗೆ ಮುಚ್ಚಿತು.

ಇನ್ನು ಚಳಿಗಾಲ. ಹೀಟರ್ ಹಾಕಿದ ಮನೆಯಲ್ಲಿ ಗಾಳಿ ಒಣಗಿ ಪಿಟೀಲಿನ ತಂತಿ ಬಿಗಿಯುವ ಬಿರಡೆ ಸಡಿಲವಾಗುತ್ತದೆ, ಕೆಲವೊಮ್ಮೆ ಅಂಟು ಬಿಡುತ್ತದೆ. ಆಗ ಬೇಕಾಗುವುದು ಕೈ ಪಳಗಿದ ರಿಪೇರಿಯವರು. ಸಣ್ಣ ಅಂಗಡಿಗಳಲ್ಲೂ ಬರೀ ಕಾಟಾಚಾರದವು ಇವೆ. ರಿಪೇರಿ ಅಲ್ಲೇ ಮಾಡುತ್ತಾರಾ, ಹೊರಗೆ ಕಳಿಸುತ್ತಾರಾ ಅಂತ ಮೊದಲೇ ಕೇಳಿ. ಬಿದ್ದು ಒಡೆದರೆ ಯಾರ ಖರ್ಚು ಅಂತ ಬಾಡಿಗೆ ಪತ್ರದಲ್ಲಿ ಓದಿಕೊಳ್ಳಿ. ಮಗಳನ್ನೂ ಕರೆದುಕೊಂಡು ಹೋಗಿ, ಅವಳ ತೋಳಿನ ಅಳತೆ ತೆಗೆದುಕೊಳ್ಳಬೇಕು. ಶಾಲೆ ಶುರುವಾಗುವ ವಾರ ಅಲ್ಲಿ ನೂಕುನುಗ್ಗಲು, ಅದಕ್ಕೆ ಮೊದಲೇ ಹೋದರೆ ನಿಧಾನವಾಗಿ ನೋಡಬಹುದು.