ಕಾಯಿ ವ್ಯಾಪಾರದ ಲೆಕ್ಕ ಫ್ಲ್ಯಾಟಿಗೂ ಇರಲಿ

ಬ್ಯಾಡಗಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸ್ವಲ್ಪ ಕಾಯಿ ಸ್ಟಾಕೂ ಮಾಡುತ್ತೇವೆ. ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ 65 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ. ಕೈಯಲ್ಲಿ 25 ಲಕ್ಷ ಇದೆ, ಉಳಿದದ್ದು ಸಾಲ. ತಿಂಗಳಿಗೆ 18 ಸಾವಿರ ಬಾಡಿಗೆ ಬರುತ್ತದಂತೆ. ನಮ್ಮ ಓಣಿಯ ನಾಲ್ಕು ಮಂದಿ ಆಗಲೇ ಬುಕ್ ಮಾಡಿದ್ದಾರೆ. ಮುಂದೆ ನಾವೇ ಅಲ್ಲಿರಬಹುದು ಅಂತ ಮನೆಯವರು ಹೇಳುತ್ತಾರೆ. ತೊಗೊಳ್ಳಲೇ?"

ಸಂಪಾದಕರ ಉತ್ತರ:

ಸಾವ್ಕಾರ್ರೆ, ನಮಸ್ಕಾರ. 'ನಾಲ್ಕು ಮಂದಿ ಬುಕ್ ಮಾಡಿದ್ದಾರೆ' ಅನ್ನುವ ಮಾತಿಗೆ ನಾನು ಅಲ್ಲೇ ನಿಂತೆ. ಕಾಯಿ ಖರೀದಿಯನ್ನು ನೀವು ಹೀಗೆ ಮಾಡುತ್ತೀರಾ? ಇಡೀ ಪೇಟೆ ಮುಗಿಬಿದ್ದು ದರ ಏರಿದ ದಿನ ನೀವು ಸುಮ್ನೆ ಕೂಡುತ್ತೀರಿ. ಅಂಗಳದ ತುಂಬ ಚೀಲ ಬಿದ್ದು ದರ ಇಳಿದಾಗ ತೊಗೊಂಡು ಕೋಲ್ಡ್ ಸ್ಟೋರೇಜಿಗೆ ಹಾಕುತ್ತೀರಿ. ಹಾಕಿದ ಮೇಲೂ ಅಲ್ಲಿನ ಬಾಡಿಗೆ, ದುಡ್ಡಿನ ಬಡ್ಡಿ ಎರಡನ್ನೂ ಚೀಲದ ಲೆಕ್ಕಕ್ಕೆ ಪುಸ್ತಕದಲ್ಲಿ ಬರೆಯುತ್ತೀರಿ. ಫ್ಲ್ಯಾಟ್ ಅಂದ ಕೂಡಲೇ ಆ ಪುಸ್ತಕ ಯಾಕೆ ಮುಚ್ಚಿಟ್ಟಿರಿ?

ನಾನೇ ಬರೆಯುತ್ತೇನೆ. ಬಾಡಿಗೆ ವರ್ಷಕ್ಕೆ 2.16 ಲಕ್ಷ. ಒಂದು ತಿಂಗಳು ಖಾಲಿ, ಮನೆ ತೆರಿಗೆ, ಬಣ್ಣ, ಮೋಟರ್ ರಿಪೇರಿ ಎಲ್ಲ ಕಳೆದರೆ 1.7 ಲಕ್ಷ ಉಳಿದೀತು. ಶೇ. 8.5ರಂತೆ ಹಿಡಿದರೂ 40 ಲಕ್ಷ ಸಾಲಕ್ಕೆ ಮೊದಲ ವರ್ಷದ ಬಡ್ಡಿ 3.4 ಲಕ್ಷದ ಹತ್ತಿರ. ಬಾಡಿಗೆ ಬಡ್ಡಿಯ ಅರ್ಧಕ್ಕಷ್ಟೇ ಮುಟ್ಟುತ್ತದೆ. ಅಸಲು ಇನ್ನೂ ಹಾಗೇ ಇದೆ.

ನಿಮ್ಮ ಪತ್ರದಲ್ಲಿ ಇಲ್ಲದ ಖರ್ಚೊಂದಿದೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಶೇ. 5. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎಲ್ಲ ಸೇರಿ 8 ಲಕ್ಷದ ಸುತ್ತಮುತ್ತ. ಬೀಗದ ಕೈ ಸಿಗುವ ಮೊದಲೇ ಇದು ಹೋಯಿತು, ಅಲ್ವಾ?

ದರ ಏರುತ್ತದಲ್ಲ ಅನ್ನುತ್ತೀರಿ. ಏರುವುದು ನೆಲ. ಗೋಡೆ, ಲಿಫ್ಟು ಹಳೆಯದಾಗುತ್ತಾ ಹೋಗುತ್ತವೆ. ನಿಮ್ಮ ಪಾಲಿಗೆ ಎಷ್ಟು ಚದರಡಿ ನೆಲ ಬರುತ್ತದೆ ಅಂತ ಕರಾರುಪತ್ರದಲ್ಲಿ ನೋಡಿ. ಮಾರುವ ದಿನ ನಿಮ್ಮ ಓಣಿಯ ಆ ನಾಲ್ಕು ಮಂದಿಯೂ ಮಾರಲು ನಿಂತಿರಬಹುದು.

ನಾನಾದರೆ ವಿದ್ಯಾನಗರದಲ್ಲಿ, ಕಿಮ್ಸ್ ಆಸ್ಪತ್ರೆ ಆಸುಪಾಸು, ಇಪ್ಪತ್ತು ವರ್ಷ ಹಳೆಯ ಮೂರು ಮಹಡಿ ಕಟ್ಟಡದಲ್ಲಿ ಒಂದು ಮನೆ ಹುಡುಕುತ್ತೇನೆ. ಲಿಫ್ಟ್ ಇಲ್ಲ, ಈಜುಕೊಳ ಇಲ್ಲ, ಬಣ್ಣ ಮಾಸಿದೆ. ಕೊಳ್ಳುವವರು ಮೂಗು ಮುರಿಯುತ್ತಾರೆ. ಬಾಡಿಗೆಗೆ ಬರುವ ನರ್ಸು, ಕಾಲೇಜು ಮೇಷ್ಟ್ರು ಮುರಿಯುವುದಿಲ್ಲ. ಕೆಲಸಕ್ಕೆ ನಡೆದು ಹೋಗಬಹುದು, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಅಲ್ಲೇ ನಿಲ್ಲುತ್ತದೆ. (ನಾನೇ ಒಂಬತ್ತು ವರ್ಷದಿಂದ ಅಂಥ ಮನೆಯ ಬಾಡಿಗೆದಾರ. ಇದನ್ನು ಓದಿ ನಮ್ಮ ಮಾಲೀಕರು ಬಾಡಿಗೆ ಏರಿಸದಿದ್ದರೆ ಸಾಕು.) ಅಪ್ಪ-ಅಮ್ಮ ತೀರಿಕೊಂಡು, ಮಕ್ಕಳು ಪುಣೆ, ಬೆಂಗಳೂರು ಸೇರಿ, ಪಾಲು ಹಂಚಿಕೊಳ್ಳಲು ಕಾಯುತ್ತಿರುವ ಮನೆಗಳು ಇರುತ್ತವೆ. ಅಲ್ಲಿ ಸಾಲವಿಲ್ಲದ ನಿಮ್ಮ 25 ಲಕ್ಷದ ಮಾತಿಗೆ ತೂಕ ಇದೆ.

ಅವರು ಹೇಳಿದ ದರದಿಂದ ಮಾತು ಶುರು ಮಾಡಬೇಡಿ. ಬಾಡಿಗೆಯಿಂದ ಹಿಂದಕ್ಕೆ ಬನ್ನಿ. ಖರ್ಚು ಕಳೆದು ವರ್ಷಕ್ಕೆ 1 ಲಕ್ಷ ಉಳಿಯುವ ಮನೆಗೆ, ಹಾಕಿದ ದುಡ್ಡಿನ ಮೇಲೆ ಶೇ. 4 ಬೇಕೆಂದರೆ, ನೋಂದಣಿ ಖರ್ಚೂ ಸೇರಿ 25 ಲಕ್ಷ ದಾಟಬಾರದು. ಶೇ. 4 ಎಂದರೆ ಎಫ್‌ಡಿ ಬಡ್ಡಿಗಿಂತ ಕಡಿಮೆಯೇ, ಆದರೆ ಕೆಳಗೆ ನೆಲದ ಪಾಲು ಇದೆ. ಈ ದರ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಬೈಯುತ್ತಾರೆ. ಬೈಸಿಕೊಂಡು ಎದ್ದು ಬನ್ನಿ. ಆರು ತಿಂಗಳು ಬಿಟ್ಟು ಅವರಲ್ಲೇ ಒಬ್ಬರು ಫೋನ್ ಮಾಡಿದರೂ ಮಾಡಬಹುದು.

ಹಳೆ ಮನೆಗೆ ಹಳೆ ರಗಳೆಗಳೂ ಇರುತ್ತವೆ. ಉತಾರದಲ್ಲಿ (ಆಸ್ತಿ ದಾಖಲೆಯಲ್ಲಿ) ಹೆಸರು ಯಾರದ್ದು, ಬೋಜಾ (ಆಸ್ತಿಯ ಮೇಲೆ ಸಾಲ) ಇದೆಯೇ ಅಂತ ವಕೀಲರಿಂದ ನೋಡಿಸಿ. ಎಲ್ಲ ವಾರಸುದಾರರ ಸಹಿ ಬೇಕು. ಮಲಪ್ರಭೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಟ್ಯಾಂಕರಿಗೆ ಎಷ್ಟು ಹೋಗುತ್ತದೆ ಎಂಬುದನ್ನು ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಅಕ್ಕೋರನ್ನು ಕೇಳಿ.

ಇನ್ನು ಮನೆಯವರ ಮಾತು. ನೀವೇ ಇರಲು ಆದರೆ ಮೇಲಿನ ಲೆಕ್ಕ ಯಾವುದೂ ಬೇಡ. ಅವರಿಗೆ ಹಿಡಿಸಿದ್ದನ್ನೇ ತೊಗೊಳ್ಳಿ. ಲಿಫ್ಟ್ ಮಾತ್ರ ಇರಲಿ.